ಸ್ಕೂಟರ್ ಮೇಲೆ ಕ್ಯಾಮೆರಾ ಹಾಕಿದ್ಮೇಲೆ ವಿಡಿಯೋ ಅಲ್ಲಾಡ್ತಿದ್ರೆ, ಜೆಲ್ಲಿ ಥರ ಆಗ್ತಿದ್ರೆ, ಮಧ್ಯದಲ್ಲಿ ಕಟ್ ಆಗ್ತಿದ್ರೆ: ದೋಷ ಎಲ್ಲಿದೆ ಅಂತ ಹುಡುಕೋ ವಿಧಾನ

ಸ್ಕೂಟರ್‌ಗೆ ಕ್ಯಾಮೆರಾ ಹಾಕಿ ರೈಡ್ ಶೂಟ್ ಮಾಡೋಕೆ ಹೊರಟವರು ಮೊದಲನೇ ವಿಡಿಯೋ ನೋಡಿ ಬೇಜಾರಾಗಿ ತಕ್ಷಣ ಇನ್ನೊಂದು ಮೌಂಟ್, ಅಂದ್ರೆ ಕ್ಯಾಮೆರಾ ಕೂರಿಸೋ ಹಿಡಿಕೆ, ತಗೋತಾರೆ, ಅದೂ ಸರಿ ಬರ್ಲಿಲ್ಲ ಅಂದ್ರೆ ಕ್ಯಾಮೆರಾನೇ ಬದಲಾಯಿಸ್ತಾರೆ. ದಯವಿಟ್ಟು ಅದಕ್ಕೆ ಮುಂಚೆ ಸ್ವಲ್ಪ ತಡೀರಿ. ಹಾಳಾದ ವಿಡಿಯೋದಲ್ಲೇ ಯಾಕೆ ಹಾಳಾಯ್ತು ಅನ್ನೋದು ಕಾಣಿಸತ್ತೆ, ಫ್ರೇಮ್‌ನಲ್ಲಿ ಯಾವ್ದು ಅಲ್ಲಾಡ್ತಿದೆ, ಯಾವ್ದು ಅಲ್ಲಾಡ್ತಿಲ್ಲ, ಯಾವ ಹೊತ್ತಲ್ಲಿ ಶುರುವಾಗಿ ಯಾವಾಗ ನಿಲ್ಲತ್ತೆ ಅಂತ ಗಮನ ಇಟ್ಟು ನೋಡಿದ್ರೆ ಸಾಕು. ನನ್ನ ಪ್ರಕಾರ ಸ್ಕೂಟರ್ ವಿಡಿಯೋ ಹಾಳಾಗೋದು ಹೆಚ್ಚಾಗಿ ಕ್ಯಾಮೆರಾದಿಂದ ಅಲ್ಲ, ಕೂರಿಸಿದ ಜಾಗ ಮತ್ತೆ ಅದನ್ನ ಹಿಡ್ಕೊಂಡಿರೋ ಮೌಂಟಿನ ತೋಳಿನ ಉದ್ದದಿಂದ. ಅದನ್ನ ಸರಿ ಮಾಡೋಕೆ ಹೊಸ ಸಾಮಾನು ಏನೂ ಬೇಡ.

ಮೊದ್ಲು ಕ್ಲಿಪ್ಪನ್ನ ಸರಿಯಾಗಿ ನೋಡಿ

ಕ್ಯಾಮೆರಾ ಆ್ಯಪ್‌ನಲ್ಲಿ ಕಾಣೋ ಪ್ರಿವ್ಯೂ ನೋಡಿ ತೀರ್ಮಾನ ಮಾಡ್ಬೇಡಿ, ಅದು ಕಮ್ಮಿ ರೆಸಲ್ಯೂಷನ್ನಿಂದು, ಸಣ್ಣ ನಡುಕ ಅದರಲ್ಲಿ ಮುಚ್ಚಿಹೋಗಿರತ್ತೆ. ಒರಿಜಿನಲ್ ಫೈಲ್ ಕಂಪ್ಯೂಟರ್‌ಗೆ ಹಾಕ್ಕೊಂಡು ಕಾಲು ಸ್ಪೀಡಲ್ಲಿ ಓಡಿಸಿ, ಮಧ್ಯೆ ಮಧ್ಯೆ ನಿಲ್ಲಿಸಿ ನೋಡಿ. ಕಣ್ಣು ಇಡಬೇಕಾಗಿರೋದು ಎರಡರ ಮೇಲೆ: ಒಂದು, ನೆಟ್ಟಗೆ ಇರ್ಬೇಕಾಗಿರೋ ವಸ್ತುಗಳು ಅಂದ್ರೆ ಲೈಟ್ ಕಂಬ, ಕಟ್ಟಡದ ಅಂಚು, ಬೋರ್ಡಿನ ಗೆರೆ. ಇನ್ನೊಂದು, ಫ್ರೇಮ್ ಒಳಗೆ ಕಾಣ್ತಿರೋ ಸ್ಕೂಟರ್‌ನ ಭಾಗ, ಅಂದ್ರೆ ಹ್ಯಾಂಡಲ್ ತುದಿ, ಮಿರರ್, ಡ್ಯಾಶ್, ಮುಂದಿನ ಮಡ್‌ಗಾರ್ಡ್ ಯಾವುದಾದ್ರೂ ಸರಿ.

ನಿಲ್ಲಿಸಿದ ಒಂದೇ ಫ್ರೇಮ್‌ನಲ್ಲಿ ಕಂಬ ಅಲೆ ಅಲೆಯಾಗಿ ಬಾಗಿ ಕಾಣ್ತಿದ್ರೆ ಅದು ಜೆಲ್ಲೋ, ತುಂಬಾ ವೇಗವಾಗಿ ಆಗ್ತಿರೋ ಸಣ್ಣ ವೈಬ್ರೇಷನ್‌ನಿಂದ ಬರೋದು. ಕಂಬ ನೆಟ್ಟಗೇ ಇದೆ ಆದ್ರೆ ಒಂದು ಫ್ರೇಮಿಂದ ಇನ್ನೊಂದಕ್ಕೆ ಇಡೀ ಚಿತ್ರ ಮೇಲೆ ಕೆಳಗೆ ಜಿಗೀತಿದೆ ಅಂದ್ರೆ ಅದು ರಸ್ತೆಯ ಕುಲುಕು, ಇಲ್ಲ ಸಡಿಲ ಇರೋ ಜಾಯಿಂಟ್. ಬೆಳಕು ಚೆನ್ನಾಗಿದ್ದಾಗ ಎಲ್ಲಾ ಸರಿ ಇದ್ದು ಸಂಜೆ ಆಗ್ತಿದ್ದ ಹಾಗೆ ಚಿತ್ರ ಮಸುಕಾಗಿ ಒದರಿದ ಹಾಗೆ ಕಾಣಿಸಿದ್ರೆ ಅದು ಮೌಂಟ್ ಸಮಸ್ಯೆನೇ ಅಲ್ಲ, ಶಟರ್ ಸ್ಪೀಡಿಂದು, ಅಂದ್ರೆ ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳತ್ತೆ ಅನ್ನೋದರದ್ದು. ರೈಡ್ ಶುರುವಾದಾಗ ದಿಗಂತ ನೇರವಾಗಿದ್ದು ಅರ್ಧ ಗಂಟೆ ಆಗೋಷ್ಟರಲ್ಲಿ ಚಿತ್ರದ ತುಂಬ ಬರೀ ರಸ್ತೆ ಟಾರೇ ಕಾಣ್ತಿದ್ರೆ ಕ್ಯಾಮೆರಾ ನಿಧಾನಕ್ಕೆ ತಲೆ ಬಗ್ಗಿಸ್ತಿದೆ, ಜಾಯಿಂಟ್ ಜಾರ್ತಿದೆ.

ಇನ್ನೊಂದು ತುಂಬಾ ಜನ ದೋಷ ಅಂದ್ಕೊಳ್ಳೋದು ಇದೆ: ರಸ್ತೆ, ಮರ, ಆಕಾಶ ಎಲ್ಲಾ ಅಲ್ಲಾಡದೆ ನಿಂತಿರತ್ತೆ, ಆದ್ರೆ ಸ್ಕೂಟರ್‌ನ ಹ್ಯಾಂಡಲ್ ಮಾತ್ರ ಗಡಗಡ ನಡುಗ್ತಾ ಇರತ್ತೆ. ಇದು ದೋಷ ಅಲ್ಲ. ಕ್ಯಾಮೆರಾ ಒಳಗಿರೋ ಸ್ಟೆಬಿಲೈಸೇಷನ್, ಅಂದ್ರೆ ಚಿತ್ರದ ಅಲ್ಲಾಟ ಕಮ್ಮಿ ಮಾಡೋ ವ್ಯವಸ್ಥೆ, ಕ್ಯಾಮೆರಾ ತಿರುಗೋದನ್ನ ಅಳೆಯೋ ಗೈರೋ ಸೆನ್ಸರ್ ನೋಡ್ಕೊಂಡು ಹೊರಗಿನ ಜಗತ್ತನ್ನ ನಿಲ್ಲಿಸತ್ತೆ, ಆಗ ಕ್ಯಾಮೆರಾ ಜೊತೆಗೇ ಅಲ್ಲಾಡ್ತಿರೋ ಸ್ಕೂಟರ್ ಭಾಗ ಉಲ್ಟಾ ನಡುಗಿದ ಹಾಗೆ ಕಾಣತ್ತೆ. ಸ್ಟೆಬಿಲೈಸೇಷನ್ ಆಫ್ ಮಾಡಿ ಅದೇ ದಾರೀಲಿ ಶೂಟ್ ಮಾಡಿ ನೋಡಿ, ಈಗ ಹ್ಯಾಂಡಲ್ ನಿಲ್ಲತ್ತೆ ರಸ್ತೆ ಕುಣಿಯತ್ತೆ. ಹ್ಯಾಂಡಲ್ ನಡುಗೋದು ಕಣ್ಣಿಗೆ ಕಿರಿಕಿರಿ ಅನ್ಸಿದ್ರೆ ಕ್ಯಾಮೆರಾನ ಸ್ವಲ್ಪ ಮುಂದೆ ತಂದು ಸ್ಕೂಟರ್ ಭಾಗ ಫ್ರೇಮಿಂದ ಹೊರಗೆ ಹೋಗೋ ಹಾಗೆ ಇಡಿ, ಬೇರೆ ದಾರಿ ಹುಡುಕೋಕೆ ಹೋಗ್ಬೇಡಿ.

ಟೆಸ್ಟ್ ಮಾಡೋ ಕ್ರಮ

ಎಲ್ಲಾ ಟೆಸ್ಟ್‌ಗೂ ಸ್ಟೆಬಿಲೈಸೇಷನ್ ಆಫ್ ಇರ್ಲಿ, ಆನ್ ಇದ್ರೆ ಅದು ಅರ್ಧ ಸಮಸ್ಯೆ ಮುಚ್ಚಿಬಿಡತ್ತೆ, ಇನ್ನರ್ಧ ಸಮಸ್ಯೆ ತಾನೇ ಹುಟ್ಟಿಸತ್ತೆ. ರೆಸಲ್ಯೂಷನ್, ಫ್ರೇಮ್ ರೇಟ್, ಲೆನ್ಸ್ ಮೋಡ್ ಮೂರನ್ನೂ ಒಂದೇ ಇಟ್ಕೊಳ್ಳಿ. ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ, ಜಾಗಾನೂ ಬದಲಾಯಿಸಿ ಸ್ಕ್ರೂನೂ ಟೈಟ್ ಮಾಡಿ ಸೆಟ್ಟಿಂಗ್‌ನೂ ಮುಟ್ಟಿದ್ರೆ ಯಾವ್ದರಿಂದ ಸರಿಯಾಯ್ತು ಅಂತ ಯಾವತ್ತೂ ಗೊತ್ತಾಗಲ್ಲ.

ಮೊದಲನೇದು ಇಂಜಿನ್ ಆಫ್ ಇರುವಾಗ. ಸ್ಕೂಟರ್ ಮೇನ್ ಸ್ಟ್ಯಾಂಡ್ ಹಾಕಿ ಕ್ಯಾಮೆರಾನ ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಅಲ್ಲಾಡಿಸಿ, ಇನ್ನೊಂದು ಕೈಯ ಬೆರಳನ್ನ ಒಂದೊಂದೇ ಜಾಯಿಂಟ್ ಮೇಲೆ ಇಟ್ಟು ನೋಡಿ. ಸಡಿಲ ಇರೋ ಜಾಯಿಂಟ್ ಬೆರಳಿಗೆ ಟಿಕ್ ಅಂತ ಸಿಗತ್ತೆ, ಕಣ್ಣಿಗೆ ಕಾಣಲ್ಲ. ಆಮೇಲೆ ಕ್ಯಾಮೆರಾ ತಲೆ ಮೇಲೆ ಬೆರಳಲ್ಲಿ ಒಂದು ಸಣ್ಣ ಏಟು ಕೊಡಿ, ತಕ್ಷಣ ನಿಂತ್ರೆ ಒಳ್ಳೇದು, ಏಟು ಕೊಟ್ಟ ಮೇಲೂ ತೂಗಾಡ್ತಾ ಇದ್ರೆ ತೋಳು ಉದ್ದ ಜಾಸ್ತಿ ಆಗಿದೆ ಇಲ್ಲ ಕೆಳಗಿರೋ ಪ್ಯಾನೆಲ್ ಮೆತ್ತಗಿದೆ.

ಎರಡನೇದು ಐಡಲ್. ಇಂಜಿನ್ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಆಮೇಲೆ ನಿಧಾನಕ್ಕೆ ಸ್ವಲ್ಪ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಯಾವ ಹಂತದಲ್ಲಿ ಚಿತ್ರ ಕದಡತ್ತೆ ಅಂತ ನೋಡಿ. ಇಲ್ಲಿ ಹುಷಾರು, ಮೇನ್ ಸ್ಟ್ಯಾಂಡ್ ಮೇಲಿದ್ರೂ ಹಿಂದಿನ ಚಕ್ರ ತಿರುಗತ್ತೆ, ಹಿಂದೆ ಯಾರೂ ನಿಂತಿರ್ಬಾರ್ದು, ಸ್ಟ್ಯಾಂಡ್ ಗಟ್ಟಿ ನೆಲದ ಮೇಲಿರ್ಬೇಕು. ಚಕ್ರ ತಿರುಗಬಾರದು ಅಂತ ಬ್ರೇಕ್ ಹಿಡಿದು ಆಕ್ಸಿಲರೇಟರ್ ಕೊಡೋ ಕೆಲಸ ಮಾತ್ರ ಬೇಡ, ಕ್ಲಚ್ ಶೂ ಸುಟ್ಟೋಗತ್ತೆ. ಮುಚ್ಚಿದ ಗ್ಯಾರೇಜಲ್ಲಿ ಈ ಟೆಸ್ಟ್ ಮಾಡ್ಬೇಡಿ, ಬಯಲಲ್ಲಿ ಮಾಡಿ.

ಮೂರನೇದು ನಯವಾದ ರಸ್ತೇಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಹೋಗಿ, ನಂತರ ಹಿಂದೆ ಗಾಡಿ ಇಲ್ಲ ಅಂತ ನೋಡ್ಕೊಂಡು ಆಕ್ಸಿಲರೇಟರ್ ಬಿಟ್ಟು ಗಾಡಿನ ತನ್ನಷ್ಟಕ್ಕೆ ಓಡೋಕೆ ಬಿಡಿ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಜೆಲ್ಲೋ ಕಮ್ಮಿ ಆದ್ರೆ ಅದು ಇಂಜಿನ್‌ದು, ಏನೂ ವ್ಯತ್ಯಾಸ ಆಗ್ದೆ ರಸ್ತೆ ಕೆಟ್ಟಾಗ ಮಾತ್ರ ಜಾಸ್ತಿ ಆದ್ರೆ ಚಕ್ರ, ಸಸ್ಪೆನ್ಷನ್, ಪ್ಯಾನೆಲ್ ಕಡೆಯಿಂದ ಬರ್ತಿರೋದು. ಓಡೋ ಗಾಡಿಯ ಇಂಜಿನ್ ಆಫ್ ಮಾಡಿ ಟೆಸ್ಟ್ ಮಾಡೋದು ಖಂಡಿತ ಬೇಡ.

ನಾಲ್ಕನೇದು, ಅದೇ ರಸ್ತೆ ಅದೇ ವೇಗ, ಕ್ಯಾಮೆರಾ ಮಾತ್ರ ಎದೆ ಮೇಲಿನ ಬೆಲ್ಟಿಗೆ ಹಾಕಿ. ಮನುಷ್ಯನ ಮೈ ಎಲ್ಲಾ ಡ್ಯಾಂಪರ್‌ಗಿಂತ (ನಡುಕ ತಡೆಯೋ ಭಾಗ) ಚೆನ್ನಾಗಿ ವೈಬ್ರೇಷನ್ ಕುಡಿದುಬಿಡತ್ತೆ. ಎದೆ ಮೇಲೆ ವಿಡಿಯೋ ಕ್ಲೀನ್ ಬಂದು ಸ್ಕೂಟರ್ ಮೇಲೆ ಹಾಳಾದ್ರೆ ನಿಮ್ಮ ಕ್ಯಾಮೆರಾ ನೂರಕ್ಕೆ ನೂರು ಸರಿ ಇದೆ. ಕ್ಯಾಮೆರಾ ಬದಲಾಯಿಸೋ ಯೋಚ್ನೆ ಇದ್ದೋರು ಈ ಟೆಸ್ಟ್ ಬಿಡಲೇಬಾರದು.

ಜೆಲ್ಲೋ ಯಾಕೆ ಬರತ್ತೆ, ಸ್ಕೂಟರ್‌ನಲ್ಲಿ ಯಾಕೆ ಬೇರೆ ಥರ

ಆ್ಯಕ್ಷನ್ ಕ್ಯಾಮೆರಾ, ಫೋನು ಇವುಗಳ ಸೆನ್ಸರ್ ಇಡೀ ಚಿತ್ರವನ್ನ ಒಂದೇ ಕ್ಷಣದಲ್ಲಿ ಓದಲ್ಲ, ಮೇಲಿನ ಸಾಲಿಂದ ಕೆಳಗಿನ ಸಾಲಿನವರೆಗೆ ಒಂದೊಂದೇ ಸಾಲು ಓದ್ಕೊಂಡು ಹೋಗತ್ತೆ, ಇದಕ್ಕೆ ರೋಲಿಂಗ್ ಶಟರ್ ಅಂತಾರೆ. ಲೆಕ್ಕ ಹಾಕಿ ನೋಡಿ, ಇಂಜಿನ್ 6000 ಆರ್‌ಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ 6000 ಸುತ್ತು, ತಿರುಗ್ತಿದ್ರೆ ಸೆಕೆಂಡಿಗೆ 100 ಸುತ್ತು, ಅಂದ್ರೆ ಒಂದು ನಡುಕಕ್ಕೆ 10 ಮಿಲಿಸೆಕೆಂಡ್. ಸೆನ್ಸರ್ ಒಂದು ಫ್ರೇಮ್ ಓದೋಕೆ 15 ಮಿಲಿಸೆಕೆಂಡ್ ತಗೊಂಡ್ರೆ ಅಷ್ಟರೊಳಗೆ ಕ್ಯಾಮೆರಾ ಒಂದೂವರೆ ಸಲ ನಡುಗಿಬಿಟ್ಟಿರತ್ತೆ, ಹಾಗಾಗಿ ಒಂದೇ ಫ್ರೇಮ್‌ನಲ್ಲಿ ಕಂಬ ಒಂದೂವರೆ ಅಲೆಯಾಗಿ ಬಾಗತ್ತೆ. ಸ್ಟೆಬಿಲೈಸೇಷನ್ ಫ್ರೇಮನ್ನ ಅಕ್ಕಪಕ್ಕ ಸರಿಸಿ ಸರಿ ಮಾಡೋ ಕೆಲಸ, ಫ್ರೇಮ್ ಒಳಗೇ ಬಾಗಿರೋದನ್ನ ನೆಟ್ಟಗೆ ಮಾಡೋಕೆ ಅದಕ್ಕೆ ಕಷ್ಟ, ಎಷ್ಟೋ ಸಲ ಇನ್ನೂ ಕೆಡಿಸತ್ತೆ. ಎಡಿಟಿಂಗ್ ಸಾಫ್ಟ್‌ವೇರಲ್ಲೂ ಅಷ್ಟೇ, ಜೆಲ್ಲೋ ಕಮ್ಮಿ ಮಾಡೋ ಫಿಲ್ಟರ್‌ಗಳು ಇವೆ ನಿಜ, ಆದ್ರೆ ಮೂಲದಲ್ಲೇ ನಿಲ್ಲಿಸಿದ ವಿಡಿಯೋಗೆ ಯಾವ್ದೂ ಸಮ ಅಲ್ಲ. ಎನ್‌ಡಿ ಫಿಲ್ಟರ್, ಅಂದ್ರೆ ಬೆಳಕು ಕಮ್ಮಿ ಮಾಡೋ ಕಪ್ಪು ಗಾಜು, ಲೆನ್ಸ್ ಮುಂದೆ ಹಾಕಿದ್ರೆ ಜೆಲ್ಲೋ ಹೋಗತ್ತೆ ಅಂತ ಹೇಳ್ತಾರಲ್ಲ, ಅದು ಶಟರ್ ನಿಧಾನ ಮಾಡಿ ಅಲೆಯನ್ನ ಮಸುಕು ಮಾಡತ್ತೆ ಅಷ್ಟೇ, ಸೆನ್ಸರ್ ಓದೋ ವೇಗ ಅದೇ ಇರತ್ತೆ, ನಡುಕನೂ ಅದೇ ಇರತ್ತೆ.

ಈಗ ಸ್ಕೂಟರ್ ವಿಷ್ಯಕ್ಕೆ ಬರೋಣ. ಗೇರ್ ಬೈಕಲ್ಲಿ ಆರ್‌ಪಿಎಂ ಪ್ರತಿ ಗೇರಿಗೂ ಏರಿ ಇಳಿದು ಮಾಡತ್ತೆ, ಹಾಗಾಗಿ ಕೆಟ್ಟ ವೈಬ್ರೇಷನ್ ಬಂದ್ರೂ ಒಂದು ಕ್ಷಣ ಬಂದು ಹೋಗತ್ತೆ. ಸ್ಕೂಟರ್‌ನಲ್ಲಿರೋ ಸಿವಿಟಿ, ಅದೇ ಬೆಲ್ಟ್ ಡ್ರೈವ್, ವೇಗ ಏರ್ತಿದ್ರೂ ಇಂಜಿನ್ನನ್ನ ಹೆಚ್ಚು ಕಮ್ಮಿ ಒಂದೇ ಆರ್‌ಪಿಎಂ ಸುತ್ತ ಹಿಡಿದಿಡೋಕೆ ನೋಡತ್ತೆ. ನಿಮ್ಮ ಮೌಂಟ್ ಸರಿಯಾಗಿ ಅದೇ ಆರ್‌ಪಿಎಂಗೆ ಕುಣಿಯೋ ಥರದ್ದಾದ್ರೆ ಇಡೀ ರೈಡ್ ಪೂರ್ತಿ ಜೆಲ್ಲೋ! ಅದೇ ಕಾರಣಕ್ಕೆ ಒಬ್ಬರ ಬೈಕಲ್ಲಿ ಚೆನ್ನಾಗಿ ಬಂದ ಮೌಂಟ್ ಸ್ಕೂಟರ್‌ನಲ್ಲಿ ಕೈ ಕೊಡತ್ತೆ. ಒಳ್ಳೆ ಸುದ್ದಿನೂ ಇದರಲ್ಲೇ ಇದೆ, ಸಮಸ್ಯೆ ಒಂದೇ ಆರ್‌ಪಿಎಂ ಪಟ್ಟಿಯಲ್ಲಿ ಇರೋದ್ರಿಂದ ತೋಳಿನ ಉದ್ದವೋ ಜಾಗವೋ ಸ್ವಲ್ಪ ಬದಲಾಯಿಸಿದ್ರೂ ಒಮ್ಮೊಮ್ಮೆ ಪೂರ್ತಿ ಮಾಯ ಆಗಿಬಿಡತ್ತೆ.

ಗಾಡಿ ಹೊರಡೋ ಮೊದಲ ಕೆಲವು ಮೀಟರ್ ಮಾತ್ರ ಚಿತ್ರ ಜೋರಾಗಿ ನಡುಗಿ ಆಮೇಲೆ ಸುಮ್ಮನಾಗ್ತಿದ್ರೆ ಮೌಂಟ್ ಮುಟ್ಟೋಕೆ ಹೋಗ್ಬೇಡಿ, ಅದು ಕ್ಲಚ್ ಜಡ್ಡರ್. ಕ್ಲಚ್ ಶೂ, ಕ್ಲಚ್ ಬೆಲ್ ನಡುವೆ ಧೂಳು ಸೇರಿ ಅಥವಾ ಶೂ ಮೇಲ್ಮೈ ಗಾಜಿನ ಥರ ನುಣ್ಣಗಾಗಿ ಹಿಡಿತ ಬಿಟ್ಟು ಬಿಟ್ಟು ಬರೋದ್ರಿಂದ ಆಗೋದು, ಸರ್ವಿಸಲ್ಲಿ ಬಿಚ್ಚಿ ಕ್ಲೀನ್ ಮಾಡ್ಸಿದ್ರೆ ವಿಡಿಯೋನೂ ಸರಿ ಗಾಡಿನೂ ಸರಿ. ಹಾಗೇ ಐಡಲ್‌ನಲ್ಲೇ ವಿಪರೀತ ನಡುಕ ಇದ್ರೆ ಇಂಜಿನ್ ಹ್ಯಾಂಗರ್‌ನ ರಬ್ಬರ್ ಬುಷ್ ನೋಡಿಸಿ, ಮಾಮೂಲಿ ಸ್ಕೂಟರಲ್ಲಿ ಇಂಜಿನ್ನೇ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯೋ ತೋಳು) ಆಗಿ ಕೆಲಸ ಮಾಡತ್ತೆ, ಅದು ಗಾಡಿಯ ಫ್ರೇಮಿಗೆ, ಅಂದ್ರೆ ಚಾಸಿಸ್‌ಗೆ, ಸೇರೋದು ಆ ಬುಷ್‌ಗಳ ಮೂಲಕ, ಬುಷ್ ಸವೆದ್ರೆ ಇಂಜಿನ್ ನಡುಕ ನೇರ ಫ್ರೇಮಿಗೆ ಬರತ್ತೆ.

ಎಲೆಕ್ಟ್ರಿಕ್ ಸ್ಕೂಟರ್ ಆದ್ರೆ ಪಿಸ್ಟನ್ನೇ ಇಲ್ಲ, ಹಾಗಾಗಿ ಅಲ್ಲೂ ಜೆಲ್ಲೋ ಬರ್ತಿದ್ರೆ ಅನುಮಾನ ನೇರ ಪ್ಯಾನೆಲ್ ಮತ್ತೆ ಜಾಯಿಂಟ್ ಮೇಲೆ ಇಡಿ.

ಜಾಗ: ದೋಷದ ಮುಕ್ಕಾಲು ಪಾಲು ಇಲ್ಲೇ

ಸ್ಕೂಟರ್‌ನ ದೊಡ್ಡ ಕಷ್ಟ ಅಂದ್ರೆ ಬೈಕ್ ಥರ ಬರಿ ಹ್ಯಾಂಡಲ್ ಪೈಪ್ ಸಿಗಲ್ಲ, ಎಲ್ಲಾ ಪ್ಲಾಸ್ಟಿಕ್ ಕವರ್ ಒಳಗೆ. ಮುಂದಿನ ಏಪ್ರನ್, ಅಂದ್ರೆ ಕಾಲಿನ ಮುಂದಿರೋ ಕವಚ, ದೊಡ್ಡ ಚಪ್ಪಟೆ ಜಾಗ ಅಂತ ಆಸೆಯಾಗತ್ತೆ, ಆದ್ರೆ ಅದು ಕೆಲವು ಸ್ಕ್ರೂ ಮತ್ತೆ ಲಾಕ್‌ಗಳ ಮೇಲೆ ನಿಂತಿರೋ ತೆಳು ಹಾಳೆ, ಮಧ್ಯದಲ್ಲಿ ಕ್ಯಾಮೆರಾ ಅಂಟಿಸಿದ್ರೆ ತಮಟೆ ಚರ್ಮದ ಮೇಲೆ ಕೂರಿಸಿದ ಹಾಗೆ. ಹೆಬ್ಬೆರಳಲ್ಲಿ ಒತ್ತಿ ನೋಡಿ, ಒಳಗೆ ಹೋದ್ರೆ ಆ ಜಾಗ ಬೇಡ. ಒತ್ತಿದ್ರೂ ಅಲ್ಲಾಡದ ಜಾಗ ಸಿಗೋದು ಸಾಮಾನ್ಯವಾಗಿ ಸ್ಕ್ರೂ ಪಕ್ಕದಲ್ಲಿ ಇಲ್ಲ ಪ್ಯಾನೆಲ್ ಮಡಿಸಿರೋ ಅಂಚಲ್ಲಿ, ಅಲ್ಲಿ ಅಂಟಿಸಿ.

ಮಿರರ್ ಕಾಂಡಕ್ಕೆ ಕ್ಲ್ಯಾಂಪ್ ಹಾಕೋದು ತುಂಬಾ ಜನ ಮಾಡ್ತಾರೆ, ಚೆನ್ನಾಗೇ ಬರತ್ತೆ ಕೂಡ, ಆದ್ರೆ ಎಲ್ಲಿ ಹಾಕ್ತೀರ ಅನ್ನೋದು ಮುಖ್ಯ. ಓಡಿಸುವಾಗ ಮಿರರಲ್ಲಿ ಹಿಂದಿನ ಗಾಡಿ ಮಸುಕಾಗಿ ಕಾಣೋ ವೇಗ ಒಂದು ಇರತ್ತಲ್ಲ, ಅದೇ ವೇಗದಲ್ಲಿ ಕ್ಯಾಮೆರಾನೂ ಕೆಡತ್ತೆ, ಮಿರರ್ ನಿಮಗೆ ಬಿಟ್ಟಿ ಸಿಕ್ಕಿರೋ ವೈಬ್ರೇಷನ್ ಮೀಟರ್. ಕ್ಲ್ಯಾಂಪನ್ನ ಕಾಂಡದ ಮೇಲ್ತುದೀಲಿ ಹಾಕದೆ ಬುಡದ ನಟ್ ಹತ್ರ ತನ್ನಿ. ಅದಕ್ಕಿಂತ ಒಳ್ಳೇದು ಅಂದ್ರೆ ಮಿರರ್ ಬಿಚ್ಚಿ ಬುಡದಲ್ಲೇ ಬೋಲ್ಟ್ ಜೊತೆ ಕೂರೋ ಲೋಹದ ತಟ್ಟೆ ಹಾಕೋದು. ಬಿಚ್ಚುವಾಗ ಗಮನ ಇರ್ಲಿ, ಕೆಲವು ಗಾಡಿಗಳಲ್ಲಿ ಬಲಗಡೆ ಮಿರರ್ ಥ್ರೆಡ್ ಉಲ್ಟಾ ಇರತ್ತೆ, ಬಲವಂತ ಮಾಡಿದ್ರೆ ಥ್ರೆಡ್ ಹಾಳು. ಕ್ಯಾಮೆರಾ ಹಾಕೋಕೆ ಅಂತ ಮಿರರ್ ತೆಗೆದು ಓಡಿಸೋದು ಬೇಡ.

ಹಿಂದಿನ ಗ್ರ್ಯಾಬ್ ರೈಲ್ ಲೋಹದ್ದಾಗಿದ್ದು ನೇರ ಫ್ರೇಮಿಗೆ ಬೋಲ್ಟ್ ಆಗಿದ್ರೆ ಅದು ನನಗೆ ಅತ್ಯಂತ ಇಷ್ಟದ ಜಾಗ, ಹಿಂದಿನ ನೋಟಕ್ಕೂ ರೈಡರ್ ಬೆನ್ನ ಹಿಂದಿಂದ ಮುಂದೆ ನೋಡೋ ಶಾಟ್‌ಗೂ. ಇಂಡಿಕೇಟರ್, ಬ್ರೇಕ್ ಲೈಟ್, ನಂಬರ್ ಪ್ಲೇಟ್ ಮುಚ್ಚಬಾರದು ಅಷ್ಟೇ.

ಇನ್ನು ಹ್ಯಾಂಡಲ್ ಮೇಲೆ ಹಾಕಿದ್ರೆ ತಿರುವಲ್ಲಿ ಚಿತ್ರನೂ ಹ್ಯಾಂಡಲ್ ಜೊತೆ ತಿರುಗತ್ತೆ, ನಿಧಾನ ಟ್ರಾಫಿಕ್ಕಲ್ಲಿ ಬ್ಯಾಲೆನ್ಸ್ ಮಾಡುವಾಗ ಎಡ ಬಲ ಎಡ ಬಲ ಆಗಿ ನೋಡೋರಿಗೆ ತಲೆ ಸುತ್ತತ್ತೆ. ಇದನ್ನ ಸಡಿಲ ಮೌಂಟ್ ಅಂತ ತಪ್ಪು ತಿಳ್ಕೊಂಡು ಸ್ಕ್ರೂ ಟೈಟ್ ಮಾಡ್ತಾ ಕೂರ್ಬೇಡಿ, ಬಾಡಿ ಮೇಲೆ ಅಂದ್ರೆ ಏಪ್ರನ್ ಕಡೆ ಇಟ್ರೆ ಹೋಗತ್ತೆ. ಎಲ್ಲೇ ಇಟ್ರೂ ಹೊರಡೋ ಮುಂಚೆ ಹ್ಯಾಂಡಲ್ಲನ್ನ ಈ ತುದಿಯಿಂದ ಆ ತುದಿವರೆಗೆ ತಿರುಗಿಸಿ, ಬ್ರೇಕ್ ಲಿವರ್ ಪೂರ್ತಿ ಹಿಡಿದು ಬಿಟ್ಟು ನೋಡಿ, ಏನೂ ತಾಗಬಾರದು, ಯಾವ ಕೇಬಲ್ಲೂ ಎಳೀಬಾರದು. ಇದರಲ್ಲಿ ಮಾತ್ರ ರಾಜಿ ಬೇಡ.

ತೋಳು, ಜಾಯಿಂಟ್, ರಬ್ಬರ್

ತೋಳಿನ ಉದ್ದದ ವಿಷ್ಯದಲ್ಲಿ ಒಂದೇ ನಿಯಮ ನೆನಪಿಟ್ಕೊಳ್ಳಿ, ಒಂದು ತುದಿ ಬಿಗಿದ ಕಡ್ಡಿ ಬಾಗೋದು ಉದ್ದದ ಘನಕ್ಕೆ ತಕ್ಕ ಹಾಗೆ, ಅಂದ್ರೆ ತೋಳನ್ನ ಅರ್ಧ ಮಾಡಿದ್ರೆ ಅದು ಎಂಟು ಪಟ್ಟು ಬಿಗಿಯಾಗತ್ತೆ. ಇದಕ್ಕಿಂತ ಪರಿಣಾಮಕಾರಿ ರಿಪೇರಿ ಇನ್ನೊಂದಿಲ್ಲ! ಮೂರು ಜಾಯಿಂಟ್ ಇರೋ ತೋಳಲ್ಲಿ ಮಧ್ಯದ ತುಂಡು ತೆಗೆದುಬಿಡಿ, ಆ್ಯಂಗಲ್ ಸ್ವಲ್ಪ ಕಮ್ಮಿ ಚೆನ್ನಾಗಿದ್ರೂ ಪರ್ವಾಗಿಲ್ಲ.

ಜಾಯಿಂಟ್ ಜಾರೋದಾದ್ರೆ ಮೊದ್ಲು ಎರಡು ತುಂಡಿನ ಮೇಲೂ ಸೇರೋ ಹಾಗೆ ಮಾರ್ಕರ್ ಪೆನ್ನಲ್ಲಿ ಒಂದು ಗೆರೆ ಎಳೀರಿ, ರೈಡ್ ಆದ್ಮೇಲೆ ಎಲ್ಲಿ ಗೆರೆ ತುಂಡಾಗಿದ್ಯೋ ಅದೇ ಕಳ್ಳ ಜಾಯಿಂಟ್. ಹಲ್ಲು ಹಲ್ಲು ಸೇರೋ ಪ್ಲಾಸ್ಟಿಕ್ ಜಾಯಿಂಟ್ ಆದ್ರೆ ಬೆರಳಲ್ಲಿ ತಿರುಗಿಸಿದ್ದು ಸಾಲಲ್ಲ, ಉದ್ದ ಹಿಡಿಯ ಸ್ಕ್ರೂ ಕೀ ಬಳಸಿ ಬಿಗಿ ಮಾಡಿ, ಆದ್ರೆ ಹಲ್ಲು ಬಿಳಿಚಿಕೊಳ್ತಿದ್ರೆ ನಿಲ್ಲಿಸಿ, ಅದು ಬಿರುಕು ಬಿಡೋ ಮುನ್ಸೂಚನೆ. ನಟ್ ಬಿಚ್ಚಿಕೊಳ್ಳದ ಹಾಗೆ ಒಳಗೆ ನೈಲಾನ್ ಉಂಗುರ ಇರೋ ನೈಲಾಕ್ ನಟ್ ಹಾಕಿ. ಸ್ಕ್ರೂ ಸಡಿಲ ಆಗದ ಹಾಗೆ ಹಚ್ಚೋ ಥ್ರೆಡ್‌ಲಾಕರ್ ದ್ರವವನ್ನ ಲೋಹಕ್ಕೆ ಲೋಹ ಇರೋ ಕಡೆ ಮಾತ್ರ ಬಳಸಿ, ಪಾಲಿಕಾರ್ಬೊನೇಟ್ ಥರದ ಪ್ಲಾಸ್ಟಿಕ್‌ಗೆ ತಾಗಿದ್ರೆ ಅದು ಸೀಳು ಬಿಡತ್ತೆ, ಕ್ಯಾಮೆರಾ ರಸ್ತೆ ಮೇಲೆ ಬಿದ್ಮೇಲೆ ಗೊತ್ತಾಗತ್ತೆ.

ರಬ್ಬರ್ ಡ್ಯಾಂಪರ್ ಹಾಕಿದ್ಮೇಲೆ ಇನ್ನೂ ಜಾಸ್ತಿ ಆಯ್ತು ಅಂತ ಹೇಳೋರು ತುಂಬಾ ಇದ್ದಾರೆ, ಅವ್ರು ಹೇಳ್ತಿರೋದು ನಿಜ. ರಬ್ಬರ್ ಮೇಲೆ ಕೂತ ಭಾರಕ್ಕೆ ತನ್ನದೇ ಒಂದು ಕುಣಿಯೋ ವೇಗ ಇರತ್ತೆ. ಬರೋ ವೈಬ್ರೇಷನ್ ಆ ವೇಗದ ಸುಮಾರು 1.4 ಪಟ್ಟಿಗಿಂತ ಮೇಲಿದ್ರೆ ಮಾತ್ರ ರಬ್ಬರ್ ಅದನ್ನ ತಡೆಯತ್ತೆ, ಅದಕ್ಕಿಂತ ಕೆಳಗಿದ್ರೆ ತಡೆಯೋದಿರ್ಲಿ, ಹೆಚ್ಚೇ ಮಾಡತ್ತೆ. ಫೋನ್‌ಗೆ ಅಂತ ಮಾಡಿರೋ ಡ್ಯಾಂಪರ್ ಇನ್ನೂರು ಗ್ರಾಂ ಮೇಲಿನ ಭಾರಕ್ಕೆ ಹೊಂದಿಸಿದ್ದು, ಅದರ ಮೇಲೆ ಹಗುರ ಆ್ಯಕ್ಷನ್ ಕ್ಯಾಮೆರಾ ಇಟ್ರೆ ಆ ರಬ್ಬರ್ ಅದಕ್ಕೆ ತೀರಾ ಗಟ್ಟಿ, ಕುಣಿಯೋ ವೇಗ ಮೇಲೆ ಹೋಗಿ ಇಂಜಿನ್ ವೇಗದ ಹತ್ರ ಬಂದುಬಿಡತ್ತೆ. ಪರೀಕ್ಷೆ ಸುಲಭ, ಕ್ಯಾಮೆರಾ ಕೆಳಗೆ ಒಂದು ಸಣ್ಣ ಲೋಹದ ತಟ್ಟೆ ಗಟ್ಟಿಯಾಗಿ ಬಿಗಿದು ಭಾರ ಹೆಚ್ಚಿಸಿ ನೋಡಿ, ಜೆಲ್ಲೋ ಕಮ್ಮಿ ಆದ್ರೆ ರಬ್ಬರ್ ಗಟ್ಟಿ ಇತ್ತು ಅಂತ ಅರ್ಥ, ಇನ್ನೂ ಮೆತ್ತಗಿನ ರಬ್ಬರ್ ಹಾಕಿ ಇಲ್ಲ ಆ ಭಾರ ಹಾಗೇ ಬಿಡಿ. ಜಾಸ್ತಿ ಆದ್ರೆ ಡ್ಯಾಂಪರ್ ತೆಗೆದು ನೇರ ಲೋಹಕ್ಕೆ ಬಿಗಿಯೋದೇ ವಾಸಿ.

ಅಂಟಿಸೋ ಮೌಂಟ್ ಕಿತ್ತು ಬರ್ತಿದ್ರೆ ಅಂಟಿನ ತಪ್ಪು ಅನ್ನೋಕಿಂತ ಮುಂಚೆ ಪ್ಲಾಸ್ಟಿಕ್ ನೋಡಿ. ಬಣ್ಣ ಬಳಿದ ನುಣ್ಣನೆ ಪ್ಯಾನೆಲ್‌ಗೆ ಚೆನ್ನಾಗಿ ಹಿಡಿಯತ್ತೆ, ಬಣ್ಣ ಇಲ್ಲದ ಕಪ್ಪು ಒರಟು ಪ್ಲಾಸ್ಟಿಕ್ ಬಹಳಷ್ಟು ಕಡೆ ಪಾಲಿಪ್ರೊಪಿಲೀನ್ ಆಗಿರತ್ತೆ, ಅದಕ್ಕೆ ಯಾವ ಅಂಟೂ ಸುಲಭಕ್ಕೆ ಹಿಡಿಯಲ್ಲ. ಪಾಲಿಶ್, ಮೇಣ ಹಚ್ಚಿದ್ರೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಒಣಗಿಸಿ ಅಂಟಿಸಿ. ವಿಎಚ್‌ಬಿ ಟೇಪ್‌ಗೆ, ಅಂದ್ರೆ ಎರಡೂ ಬದಿ ಅಂಟೋ ಗಟ್ಟಿ ಟೇಪ್‌ಗೆ, ಪೂರ್ತಿ ಬಲ ಬರೋಕೆ ಸುಮಾರು 72 ಗಂಟೆ ಬೇಕು, ಅಂಟಿಸಿದ ತಕ್ಷಣ ರೈಡಿಗೆ ಹೊರಟ್ರೆ ಬೀಳೋದು ಸಹಜ. ಯಾವ ಮೌಂಟ್ ಆಗ್ಲಿ ಒಂದು ಸಣ್ಣ ದಾರ, ಕ್ಯಾಮೆರಾದಿಂದ ಬೇರೆ ಜಾಗದಲ್ಲಿರೋ ಗಟ್ಟಿ ಲೋಹಕ್ಕೆ ಕಟ್ಟಿರಿ, ಬಿದ್ರೂ ಚಕ್ರ ಮುಟ್ಟದಷ್ಟು ಗಿಡ್ಡ ಇರ್ಬೇಕು ಅದು.

ಫೋನ್ ಹಾಕೋರಿಗೆ ಒಂದು ಮಾತು. ಫೋನ್ ಕ್ಯಾಮೆರಾದ ಆಪ್ಟಿಕಲ್ ಸ್ಟೆಬಿಲೈಸೇಷನ್, ಆಟೋಫೋಕಸ್ ಎರಡೂ ಲೆನ್ಸನ್ನ ನಿಜವಾಗ್ಲೂ ಅಲ್ಲಾಡಿಸೋ ಸೂಕ್ಷ್ಮ ಭಾಗಗಳು. 2021ರಲ್ಲಿ ಆಪಲ್ ಕಂಪನಿನೇ ಐಫೋನ್ ಬಗ್ಗೆ ಎಚ್ಚರಿಕೆ ಕೊಟ್ಟಿದೆ, ಜೋರು ಬೈಕ್ ಇಂಜಿನ್ ವೈಬ್ರೇಷನ್‌ಗೆ ಒಡ್ಡಿದ್ರೆ ಕ್ಯಾಮೆರಾ ಗುಣಮಟ್ಟ ಕುಗ್ಗಬಹುದು, ಮೊಪೆಡ್ ಸ್ಕೂಟರ್‌ನಲ್ಲಿ ವೈಬ್ರೇಷನ್ ಕಮ್ಮಿ ಇದ್ರೂ ಡ್ಯಾಂಪರ್ ಇರೋ ಮೌಂಟ್ ಬಳಸಿ ಅಂತ. ಫೋನನ್ನ ಕೈಯಲ್ಲಿ ಹಿಡಿದು ನಿಂತು ತೆಗೆದ ವಿಡಿಯೋನೂ ನಡುಗೋಕೆ, ಫೋಕಸ್ ಹಿಡಿಯದೆ ಒದ್ದಾಡೋಕೆ ಶುರುವಾದ್ರೆ ಹಾನಿ ಆಗಿದೆ ಅಂತ ಅನುಮಾನ ಪಡಿ, ಆ ಮೇಲೆ ಮೌಂಟ್ ಎಷ್ಟು ಬದಲಾಯಿಸಿದ್ರೂ ಪ್ರಯೋಜನ ಇಲ್ಲ.

ರೆಕಾರ್ಡಿಂಗ್ ಮಧ್ಯದಲ್ಲೇ ನಿಂತ್ರೆ

ಇಲ್ಲಿ ಎಲ್ಲಿ ನಿಂತಿತು ಅನ್ನೋದೇ ಸುಳಿವು. ಎಲ್ಲಾ ಸಲ ಸಿಗ್ನಲ್ ಹತ್ರಾನೇ ಕಟ್ ಆಗ್ತಿದೆ ಅಂದ್ಕೊಳ್ಳಿ, ಅದಕ್ಕೆ ಎರಡು ಬೇರೆ ಬೇರೆ ಕಾರಣ ಇರ್ಬಹುದು. ಕೊನೇ ಕ್ಲಿಪ್ ತೆಗೆದು ಕೊನೆ ಕ್ಷಣ ನೋಡಿ. ಗಾಡಿ ನಿಂತೇ ಇದೆ, ನಿಂತು ಸ್ವಲ್ಪ ಹೊತ್ತಾಗಿದೆ, ಆಗ ಕಟ್ ಆಗಿದೆ ಅಂದ್ರೆ ಬಿಸಿ. ಓಡುವಾಗ ಗಾಳಿ ತಣ್ಣಗೆ ಇಟ್ಟಿರತ್ತೆ, ನಿಂತಾಗ ಗಾಳಿ ಇಲ್ಲ, ಮೇಲೆ ಬಿಸಿಲು, 4ಕೆ 60 ಫ್ರೇಮಲ್ಲಿ ಪ್ರೊಸೆಸರ್ ಕಾದಿರತ್ತೆ. ಫ್ರೇಮ್ ರೇಟ್ 30ಕ್ಕೆ ಇಳಿಸಿ, ಸ್ಕ್ರೀನ್ ಆಫ್ ಮಾಡಿ, ವೈಫೈ ಆಫ್ ಮಾಡಿ, ಮುಚ್ಚಿದ ಕೇಸ್ ತೆಗೀರಿ.

ಆದ್ರೆ ಕೊನೆ ಕ್ಷಣದಲ್ಲಿ ಇಂಜಿನ್ ಮತ್ತೆ ಸ್ಟಾರ್ಟ್ ಆಗೋ ಸದ್ದು ಕೇಳಿಸಿ ಅಲ್ಲಿಗೇ ನಿಂತಿದ್ರೆ ಅದು ಕರೆಂಟಿನ ಸಮಸ್ಯೆ. ಸೆಲ್ಫ್ ಸ್ಟಾರ್ಟ್ ಒತ್ತಿದಾಗ ಮೋಟರ್ ಅಷ್ಟೊಂದು ಕರೆಂಟ್ ಎಳೆಯತ್ತೆ ಅಂದ್ರೆ ಬ್ಯಾಟರಿ ವೋಲ್ಟೇಜ್ ಒಂದು ಕ್ಷಣ ಕುಸಿಯತ್ತೆ, ಯುಎಸ್‌ಬಿ ಸಾಕೆಟ್ ಆಫ್ ಆಗಿ ಆನ್ ಆಗತ್ತೆ, ಕೆಲವು ಕ್ಯಾಮೆರಾ ಆ್ಯಕ್ಸೆಸರಿ ಕರೆಂಟ್ ಹೋದ್ರೆ ರೈಡ್ ಮುಗೀತು ಅಂತ ತಿಳ್ಕೊಂಡು ತಾನೂ ಆಫ್ ಆಗತ್ತೆ. ಸಿಗ್ನಲಲ್ಲಿ ತಾನೇ ಇಂಜಿನ್ ನಿಲ್ಲಿಸೋ ಐಡಲ್ ಸ್ಟಾಪ್ ಇರೋ ಸ್ಕೂಟರ್ ಆದ್ರೆ ಈ ತೊಂದ್ರೆ ಪ್ರತಿ ಸಿಗ್ನಲಲ್ಲೂ ಕಾಡಬಹುದು. ಖಚಿತ ಮಾಡ್ಕೊಳ್ಳೋಕೆ ಕೇಬಲ್ ಕಿತ್ತು ಒಳಗಿನ ಬ್ಯಾಟರಿಯಲ್ಲೇ ಒಂದು ರೈಡ್ ಮಾಡಿ, ಆಮೇಲೆ ಪವರ್ ಬ್ಯಾಂಕಿಂದ ಒಂದು ರೈಡ್ ಮಾಡಿ. ಎರಡರಲ್ಲೂ ನಿಲ್ಲದೆ ಸ್ಕೂಟರ್ ಸಾಕೆಟಲ್ಲಿ ಮಾತ್ರ ನಿಲ್ತಿದ್ರೆ ಉತ್ತರ ಸಿಕ್ತು. ಕ್ಯಾಮೆರಾ ಒಳಗಿನ ಬ್ಯಾಟರಿ ತೆಗೆಯದೆ ಹಾಗೇ ಇಟ್ಟಿರಿ, ಐಡಲ್ ಸ್ಟಾಪ್ ಆಫ್ ಮಾಡೋ ಸ್ವಿಚ್ ಇದ್ರೆ ಆಫ್ ಮಾಡಿ, ಅಥವಾ ಪವರ್ ಬ್ಯಾಂಕನ್ನೇ ಗ್ಲೋವ್ ಬಾಕ್ಸಲ್ಲಿಟ್ಟು ಅದರಿಂದ ಕೊಡಿ. ಉದ್ದ ತೆಳು ಕೇಬಲ್‌ನಲ್ಲೂ ವೋಲ್ಟೇಜ್ ಇಳಿಯತ್ತೆ, ಗಿಡ್ಡ ದಪ್ಪ ಕೇಬಲ್ ಹಾಕಿ.

ಹಂಪ್ ಹಾರಿದ ಕ್ಷಣದಲ್ಲೇ ಆಫ್ ಆಗ್ತಿದ್ರೆ ಬ್ಯಾಟರಿ ಒಳಗೆ ಅಲ್ಲಾಡಿ ಕಾಂಟ್ಯಾಕ್ಟ್ ಬಿಡ್ತಿದೆ. ಬ್ಯಾಟರಿ ಬೆನ್ನಿಗೆ ಒಂದು ಪದರ ತೆಳು ಟೇಪ್ ಹಚ್ಚಿದ್ರೆ ಬಿಗಿಯಾಗಿ ಕೂರತ್ತೆ, ಬ್ಯಾಟರಿ ಉಬ್ಬಿರೋದ್ರಿಂದ ಬಾಗಿಲು ಸರಿಯಾಗಿ ಮುಚ್ತಿಲ್ಲ ಅಂತಾದ್ರೆ ಮಾತ್ರ ಆ ಬ್ಯಾಟರಿ ಬಳಸಲೇಬೇಡಿ.

ಯಾವ ಜಾಗ ಯಾವ ಕ್ಷಣ ಅಂತ ಲೆಕ್ಕಾನೇ ಸಿಗ್ದೆ ಎಲ್ಲೆಂದರಲ್ಲಿ ನಿಲ್ತಿದ್ರೆ, ಕೊನೇ ಫೈಲ್ ಓಪನ್ ಆಗ್ದೇ ಇದ್ರೆ, ಮೆಮೊರಿ ಕಾರ್ಡ್. 100 ಮೆಗಾಬಿಟ್ ವಿಡಿಯೋ ಅಂದ್ರೆ ಸೆಕೆಂಡಿಗೆ 12.5 ಮೆಗಾಬೈಟ್ ಬರೀಬೇಕು, ವಿ30 ಗುರುತಿನ ಕಾರ್ಡ್ ಕನಿಷ್ಠ 30 ಮೆಗಾಬೈಟ್ ಬರೆಯೋ ಭರವಸೆ ಕೊಡತ್ತೆ, ನಕಲಿ ಕಾರ್ಡ್ ಮೇಲೆ ಅದೇ ಗುರುತು ಇದ್ರೂ ಕೊಡಲ್ಲ. ಮನೇಲಿ ಟೇಬಲ್ ಮೇಲೆ ಫ್ಯಾನ್ ಗಾಳಿಗೆ ಇಟ್ಟು ಅದೇ ಸೆಟ್ಟಿಂಗಲ್ಲಿ ಬಿಡಿ, ಅಲ್ಲೂ ನಿಂತ್ರೆ ಸ್ಕೂಟರ್‌ಗೂ ಇದಕ್ಕೂ ಸಂಬಂಧ ಇಲ್ಲ. ಒಂದು ರೈಡ್ ನಾಲ್ಕೈದು ಫೈಲಾಗಿ ತುಂಡಾಗಿದೆ, ಒಂದೊಂದೂ 4 ಜಿಬಿ ಹತ್ರ ಇದೆ ಅಂದ್ರೆ ಅದು ದೋಷ ಅಲ್ಲ, ಕ್ಯಾಮೆರಾ ಬೇಕಂತಲೇ ಹಾಗೆ ತುಂಡು ಮಾಡೋದು, ಎಡಿಟಿಂಗಲ್ಲಿ ಜೋಡಿಸ್ಕೊಳ್ಳಿ.

ಸಂಜೆ, ರಾತ್ರಿ, ಸದ್ದು

ಕತ್ತಲಾಗ್ತಿದ್ದ ಹಾಗೆ ಆಟೋ ಎಕ್ಸ್‌ಪೋಶರ್ ಶಟರನ್ನ ನಿಧಾನ ಮಾಡ್ಕೊಂಡು ಹೋಗತ್ತೆ, 30 ಫ್ರೇಮಲ್ಲಿ ಸೆಕೆಂಡಿನ 30ನೇ ಒಂದು ಭಾಗದವರೆಗೂ ಇಳಿಯಬಹುದು, ಅಷ್ಟು ಹೊತ್ತು ತೆರೆದಿದ್ರೆ ಪ್ರತಿ ಫ್ರೇಮೂ ಮಸುಕು. ಸ್ಟೆಬಿಲೈಸೇಷನ್ ಆ ಮಸುಕು ಫ್ರೇಮನ್ನ ನಿಲ್ಲಿಸತ್ತೆ, ಆದ್ರೆ ಮಸುಕು ಹೋಗಲ್ಲ, ಅದಕ್ಕೇ ಚಿತ್ರ ನಿಂತಿದ್ದೂ ಒದರ್ತಿರೋ ಹಾಗೆ ವಿಚಿತ್ರವಾಗಿ ಕಾಣೋದು. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸತ್ತೆ ಅನ್ನೋ ಸೆಟ್ಟಿಂಗ್) ಮಿತಿ ಏರಿಸಿ, ಶಟರನ್ನ ಕನಿಷ್ಠ 1/120ಕ್ಕೆ ಕಟ್ಟಿಹಾಕಿ, ಚಿತ್ರ ಸ್ವಲ್ಪ ಕಾಳುಕಾಳಾದ್ರೂ ಸಹಿಸ್ಕೊಳ್ಳಿ. ಹಗಲು ಹಾಕಿದ್ದ ಎನ್‌ಡಿ ಫಿಲ್ಟರ್ ತೆಗೆದಿದ್ದೀರಾ ಅಂತಾನೂ ನೋಡಿ.

ಡಿಜಿಟಲ್ ಮೀಟರ್ ಮೇಲೆ ಪಟ್ಟಿ ಓಡೋದು, ಬೀದಿ ದೀಪ ಮಿನುಗೋದು ಎರಡೂ ಬೇರೆ. ಬೀದಿ ದೀಪದ್ದು ಕರೆಂಟ್ 50 ಹರ್ಟ್ಜ್ ಇರೋ ಕಡೆ ಕ್ಯಾಮೆರಾದ ಆ್ಯಂಟಿ ಫ್ಲಿಕರ್ 50ಕ್ಕೆ, 60 ಇರೋ ಕಡೆ 60ಕ್ಕೆ ಇಟ್ರೆ ಬಹುಪಾಲು ಹೋಗತ್ತೆ. ಮೀಟರ್‌ದು ಅದರದೇ ಎಲ್‌ಇಡಿ ಮಿನುಗೋ ವೇಗ, ಶಟರ್ ಸ್ವಲ್ಪ ನಿಧಾನ ಮಾಡಿದ್ರೆ ಕಮ್ಮಿ ಆಗತ್ತೆ.

ಸದ್ದಲ್ಲಿ ಗಾಳಿ ಗೊರಗೊರ ಅಂತಿದ್ರೆ ಕ್ಯಾಮೆರಾ ಮೈಕ್ ತೂತಿನ ಮೇಲೆ ಸ್ಪಂಜು ಮುಚ್ಚಿ ಇಲ್ಲ ಕ್ಯಾಮೆರಾನ ಗಾಡಿಯ ವೈಸರ್ ಹಿಂದೆ ಗಾಳಿ ತಾಗದ ಜಾಗಕ್ಕೆ ತನ್ನಿ, ಹೊರಗಿನ ಮೈಕ್ ಇದ್ರೆ ಗಾಳಿ ತಾಗದ ಏಪ್ರನ್ ಒಳಗಡೆ ಇಡಿ. ಗಾಳಿ ಇಲ್ದೆ ಟಕಟಕ ಅಂತ ಒಣ ಸದ್ದು ಬರ್ತಿದ್ರೆ ಅದನ್ನ ಮುಚ್ಚಿಹಾಕೋಕೆ ನೋಡ್ಬೇಡಿ, ಅದು ಮೌಂಟ್ ಯಾವ್ದೋ ಪ್ಲಾಸ್ಟಿಕ್‌ಗೆ ಬಡೀತಿರೋ ಸದ್ದು, ಎಷ್ಟೋ ಸಲ ಚಿತ್ರದಲ್ಲಿ ಸಡಿಲ ಕಾಣೋಕೆ ಮುಂಚೇನೇ ಸದ್ದಲ್ಲಿ ಕೇಳಿಸತ್ತೆ. ಹೆಡ್‌ಫೋನ್ ಹಾಕ್ಕೊಂಡು ಕ್ಲಿಪ್ ಕೇಳಿ, ಸದ್ದು ಶುರುವಾದ ನಿಮಿಷ ಗುರುತು ಮಾಡ್ಕೊಂಡು, ಮಾರ್ಕರ್ ಗೆರೆ ಎಳೆದಿದ್ದ ಜಾಯಿಂಟ್‌ಗಳನ್ನ ಬುಡದಿಂದ ಕ್ಯಾಮೆರಾವರೆಗೆ ಒಂದೊಂದಾಗಿ ನೋಡ್ತಾ ಬನ್ನಿ.